ಟೆಕ್ಸ್ಟ್ ಬಾಕ್ಸ್‌ನೊಳಗಿನ ಕನ್ನಡ: ಮುಕ್ತ ಇಂಟರ್‌ಫೇಸ್ ಲೈಬ್ರರಿಗಳನ್ನು ಅಳೆಯುವ ಒಂದು ಮಾನದಂಡ

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು ಬಟನ್, ಪಟ್ಟಿ, ಟೆಕ್ಸ್ಟ್ ಬಾಕ್ಸ್‌ಗಳಂಥ ಕಂಟ್ರೋಲ್‌ಗಳನ್ನು ಸಾಮಾನ್ಯವಾಗಿ ತಾವೇ ಚಿತ್ರಿಸುವುದಿಲ್ಲ. ಸಿದ್ಧ ಲೈಬ್ರರಿಯೊಂದರಿಂದ ಎತ್ತಿಕೊಂಡು ಜೋಡಿಸುತ್ತಾರೆ. ಯಾವ ಲೈಬ್ರರಿ ಎನ್ನುವುದು ನೋಟ, ವೇಗ, ಪ್ರೋಗ್ರಾಮಿಂಗ್ ಭಾಷೆ, ಲೈಸೆನ್ಸ್ ಇವುಗಳಿಂದ ತೀರ್ಮಾನವಾಗುತ್ತದೆ. ಗ್ರಂಥಾಲಯದ ಸೂಚಿ, ಪಂಚಾಯಿತಿಯ ದಾಖಲೆ, ನಿಘಂಟು ಸಂಪಾದನೆಯಂಥ ಕನ್ನಡ ಕೆಲಸಕ್ಕೆ ತಂತ್ರಾಂಶ ಕಟ್ಟುವಾಗ ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ಈ ಲೇಖನದ ವಾದ. ಲೈಬ್ರರಿಯ ಪಠ್ಯಪದರವನ್ನು, ಅಂದರೆ ಅಕ್ಷರ ಕೂಡಿಸುವ, ತಿದ್ದುವ, ಕೀಲಿಮಣೆಯಿಂದ ಪಡೆಯುವ ಭಾಗವನ್ನು ಮೊದಲು ಪರೀಕ್ಷಿಸಬೇಕು, ಉಳಿದದ್ದು ಆಮೇಲೆ.

ಇತಿಹಾಸದ ಒಂದು ಎಳೆ ಇಲ್ಲಿ ಮುಖ್ಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1990ರ ದಶಕದ ನಡುವಿನಲ್ಲಿ ಗಿಂಪ್ ಎಂಬ ಚಿತ್ರ ಸಂಪಾದಕವನ್ನು ಬರೆದರು. ಮೊದಲಿಗೆ ಅದು ನಿಂತದ್ದು ಮೋಟಿಫ್ ಎಂಬ ಸ್ವಾಮ್ಯದ ಲೈಬ್ರರಿಯ ಮೇಲೆ. ಅದನ್ನು ಬಿಟ್ಟು ತಮ್ಮದೇ ಕಂಟ್ರೋಲ್‌ಗಳನ್ನು ಬರೆದುಕೊಂಡಾಗ ಜಿಟಿಕೆ ಹುಟ್ಟಿತು. ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಎಂಬ ಲೈಬ್ರರಿಯ ಮೇಲೆ 1996ರಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ ಆರಂಭವಾಯಿತು. ಆಗ ಕ್ಯೂಟಿಯ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಆ ಅಸಮಾಧಾನದಿಂದಲೇ 1997ರಲ್ಲಿ ಜಿಟಿಕೆ ಆಧಾರಿತ ಗ್ನೋಮ್ ಡೆಸ್ಕ್‌ಟಾಪ್ ಹೊರಟಿತು. ಕ್ಯೂಟಿಗೆ 2000ದಲ್ಲಿ ಜಿಪಿಎಲ್, 2009ರಲ್ಲಿ ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ಗಳು ಬಂದು ಆ ವಿವಾದ ತಣ್ಣಗಾಯಿತು. ಕನ್ನಡದ ದೃಷ್ಟಿಯಿಂದ ಇವೆಲ್ಲಕ್ಕಿಂತ ದೊಡ್ಡ ವರ್ಷ 2002. ಆ ಮಾರ್ಚ್‌ನಲ್ಲಿ ಬಂದ ಜಿಟಿಕೆ 2.0 ಪ್ಯಾಂಗೊ ಎಂಬ ಪಠ್ಯ ಲೈಬ್ರರಿಯನ್ನು ಪ್ರತಿ ಕಂಟ್ರೋಲ್‌ನ ಅಡಿಪಾಯವಾಗಿ ಹಾಕಿಕೊಂಡಿತು. ಬಟನ್ ಮೇಲಿನ ಹೆಸರಿಗೂ ಬರೆಯುವ ಬಾಕ್ಸಿಗೂ ಯುನಿಕೋಡ್ ಪಠ್ಯವನ್ನು ಜೋಡಿಸುವ ಒಂದೇ ಯಂತ್ರ ದೊರೆಯಿತು.

ಅದಕ್ಕೂ ಮುಂಚೆ ನಮ್ಮಲ್ಲಿ ಬೇರೊಂದು ದಾರಿ ರೂಢಿಯಾಗಿತ್ತು. ಕನ್ನಡ ಅಕ್ಷರದ ತುಣುಕುಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಎಂಟು ಬಿಟ್ಟಿನ ಫಾಂಟುಗಳು ಕಚೇರಿ, ಮುದ್ರಣಾಲಯಗಳಲ್ಲಿ ಕೆಲಸ ನಡೆಸಿದವು. ಪರದೆಯ ಮೇಲೆ, ಕಾಗದದ ಮೇಲೆ ಕನ್ನಡ ಕಂಡಿತು. ಕಂಟ್ರೋಲ್‌ಗೆ ಮಾತ್ರ ತಾನು ಹಿಡಿದಿರುವುದು ಕನ್ನಡವೆಂದು ತಿಳಿಯಲೇ ಇಲ್ಲ. ಆ ಕಾಲದ ಉಪಕಾರ ದೊಡ್ಡದು. ಆದರೆ ಲೈಬ್ರರಿಯಿಂದ ನಾವು ಏನನ್ನು ಕೇಳಬಹುದು ಎಂಬ ನಿರೀಕ್ಷೆಯನ್ನು ಅದು ಕುಗ್ಗಿಸಿತು ಎಂದು ನನಗನ್ನಿಸುತ್ತದೆ. ಇಂದಿಗೂ ‘ಅಕ್ಷರ ಕಾಣಿಸುತ್ತಿದೆಯಲ್ಲ’ ಎಂಬಲ್ಲಿಗೆ ನಮ್ಮ ಪರೀಕ್ಷೆ ಮುಗಿದುಬಿಡುತ್ತದೆ.

ಕಾಣಿಸುವುದೂ ಎಲ್ಲ ಕಡೆ ಖಚಿತವಿಲ್ಲ. ಪೈಥಾನ್ ಕಲಿಯುವವರ ಕೈಗೆ ಮೊದಲು ಸಿಗುವ ಟಿಕಿಂಟರ್‌ನ ಹಿಂದಿರುವ ಟಿಕೆ ಲೈಬ್ರರಿ ವಿಂಡೋಸ್‌ನಲ್ಲಿ ವ್ಯವಸ್ಥೆಯ ಪಠ್ಯಯಂತ್ರವನ್ನು ಬಳಸುತ್ತದೆ, ಆದ್ದರಿಂದ ಅಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತದೆ. ಲಿನಕ್ಸ್‌ನಲ್ಲಿ ಅದರ 8.6ನೆಯ ಆವೃತ್ತಿ ಅಕ್ಷರಗಳನ್ನು ಒಂದರ ಪಕ್ಕ ಒಂದಾಗಿ ಇಟ್ಟುಬಿಡುತ್ತದೆ. ‘ರಾಷ್ಟ್ರ’ ಚೂರುಚೂರಾಗಿ ಹರಡುತ್ತದೆ. ಆಟಗಳ ಉಪಕರಣಗಳಲ್ಲಿ ಜನಪ್ರಿಯವಾದ ಡಿಯರ್ ಇಮ್‌ಗುಯಿಯಲ್ಲೂ ಅಕ್ಷರ ಕೂಡಿಸುವ ಹಂತವಿಲ್ಲ. ಡಬ್ಲ್ಯೂಎಕ್ಸ್‌ವಿಜೆಟ್ಸ್ ಆಯಾ ವ್ಯವಸ್ಥೆಯ ಕಂಟ್ರೋಲ್‌ಗಳನ್ನೇ ಹೊದ್ದುಕೊಳ್ಳುವುದರಿಂದ ಅದರ ಕನ್ನಡ ಆ ವ್ಯವಸ್ಥೆ ಬಲ್ಲಷ್ಟು. ಜಿಟಿಕೆ, ಕ್ಯೂಟಿ ಎರಡೂ ಹಾರ್ಫ್‌ಬಜ್ ಎಂಬ, ಅಕ್ಷರ ಕೂಡಿಸುವ ಮುಕ್ತ ಯಂತ್ರವನ್ನು ಬಳಸುತ್ತವೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿಯೂ ಅದೇ ಇದೆ. ಹಾರ್ಫ್‌ಬಜ್‌ನಲ್ಲಿ ಅರ್ಕಾವತ್ತಿನ ಒಂದು ದೋಷವನ್ನು ಸರಿಪಡಿಸಿದರೆ ಈ ಎಲ್ಲ ತಂತ್ರಾಂಶಗಳ ಕನ್ನಡ ಓದುಗರಿಗೂ ಅದು ಮುಟ್ಟುತ್ತದೆ. ಮುಕ್ತ ಲೈಬ್ರರಿಯ ನಿಜವಾದ ಬೆಲೆಯನ್ನು ನಾನು ಕಾಣುವುದು ಇಲ್ಲಿ. ಹಣದ ಉಳಿತಾಯ ನಂತರದ ಮಾತು.

ತಿದ್ದುವಿಕೆಯ ವಿಷಯ ಇನ್ನೂ ಸೂಕ್ಷ್ಮ. ‘ಸ್ತ್ರೀ’ ಓದುಗನಿಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ ಅದು ಸ, ವಿರಾಮ (ಸ್ವರವನ್ನು ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ ಎಂಬ 6 ಸಂಕೇತಗಳು. ಯುಟಿಎಫ್-8ರಲ್ಲಿ 18 ಬೈಟು. ಜಿಟಿಕೆಯ ಒಂದು ಸಾಲಿನ ಬಾಕ್ಸ್‌ಗೆ ಗರಿಷ್ಠ ಉದ್ದ 20 ಎಂದು ಕೊಟ್ಟರೆ ಅದು ಎಣಿಸುವುದು ಸಂಕೇತಗಳನ್ನು. ಇಂಗ್ಲಿಷಿನ ಹೆಸರಿಗೆ ಧಾರಾಳವಾದ ಆ ಮಿತಿಯಲ್ಲಿ ಒತ್ತಕ್ಷರ ತುಂಬಿದ ಕನ್ನಡದ ಹೆಸರು ನಡುವಿನಲ್ಲೇ ತುಂಡಾಗುತ್ತದೆ. ಅದರ ಹಿಂದಿನ ದತ್ತಸಂಚಯ ಬೈಟು ಎಣಿಸುವಂಥದ್ದಾದರೆ ಮೊದಲ ‘ಸ್ತ್ರೀ’ಯೇ ಬಹುಪಾಲು ಜಾಗ ತಿಂದಿರುತ್ತದೆ. ಈ ಮಿತಿಯನ್ನು ಇಡುವವರು ತಂತ್ರಾಂಶ ಬರೆಯುವವರು, ಆದ್ದರಿಂದ ಲೆಕ್ಕವನ್ನು ಅವರೇ ಕನ್ನಡಕ್ಕೆ ಹಾಕಬೇಕು.

ಬ್ಯಾಕ್‌ಸ್ಪೇಸ್ ಒತ್ತಿದಾಗ ‘ಸ್ತ್ರೀ’ಯಲ್ಲಿ ಏನು ಹೋಗಬೇಕು? ಟೈಪಿಸುವವರ ಅನುಭವದಲ್ಲಿ ಉತ್ತರ ಸ್ಪಷ್ಟ: ಕೊನೆಗೆ ಒತ್ತಿದ ಈಕಾರ ಹೋಗಿ ‘ಸ್ತ್ರ’ ಉಳಿಯಬೇಕು. ತಪ್ಪಿದ್ದು ಗುಣಿತವೊಂದೇ ಆಗಿದ್ದಾಗ ಇಡೀ ಒತ್ತಕ್ಷರವನ್ನು ಮತ್ತೆ ಕಟ್ಟಿಸುವುದು ಹಿಂಸೆ. ಪ್ಯಾಂಗೊ ಇದಕ್ಕೆಂದೇ ಪ್ರತಿ ಅಕ್ಷರ ಗಡಿಗೂ ಒಂದು ಗುರುತು ಇಡುತ್ತದೆ. ಲ್ಯಾಟಿನ್, ಗ್ರೀಕ್, ಸಿರಿಲಿಕ್ ಬಿಟ್ಟು ಉಳಿದ ಲಿಪಿಗಳಲ್ಲಿ ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತವನ್ನು ಅಳಿಸಲಿ ಎಂಬುದು ಅದರ ಮೂಲ ನಿಯಮ. ಸಿದ್ಧ ಕಂಟ್ರೋಲ್ ಬಳಸಿದವರಿಗೆ ಇದು ಬಿಟ್ಟಿಯಾಗಿ ಬರುತ್ತದೆ. ಚೆಂದಕ್ಕಾಗಿ ತಮ್ಮದೇ ಬಾಕ್ಸ್ ಚಿತ್ರಿಸಿಕೊಂಡವರು ಇದನ್ನು ಕಳೆದುಕೊಳ್ಳುತ್ತಾರೆ.

ಹಾಗೆ ಕಳೆದುಹೋಗುವುದು ಇಷ್ಟೇ ಅಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯಲ್ಲಿ ಎಫ್ ಕೀಲಿ ವಿರಾಮ ಕೊಡುತ್ತದೆ. ಲಿನಕ್ಸ್‌ನ ಕೀಲಿಮಣೆ ವ್ಯವಸ್ಥೆಯಲ್ಲೇ ಅದು ಸೇರಿರುವುದರಿಂದ ನೇರವಾಗಿ ಒತ್ತಿದ್ದು ಯಾವ ಬಾಕ್ಸಿಗಾದರೂ ತಲುಪೀತು. ಆದರೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ ಲಿಪ್ಯಂತರ ಪದ್ಧತಿಯಲ್ಲಿ ಬರೆಯುವವರ ಪದ ಮೊದಲು ಅಡಿಗೆರೆಯೊಂದಿಗೆ ಅರೆಸಿದ್ಧವಾಗಿ ಬಾಕ್ಸಿನೊಳಗೆ ನಿಲ್ಲುತ್ತದೆ, ಆಮೇಲೆ ಖಚಿತವಾಗುತ್ತದೆ. ಈ ಮಧ್ಯದ ಸ್ಥಿತಿಯನ್ನು ತೋರಿಸಬಲ್ಲ ಬಾಕ್ಸ್ ಬೇಕು. ಕೀಲಿಯ ಬಡಿತವನ್ನಷ್ಟೇ ಕೇಳುವ ಬಾಕ್ಸಿನಲ್ಲಿ ಆ ಪದ್ಧತಿ ಕೆಲಸ ಮಾಡದು. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಓರ್ಕಾ ತಂತ್ರಾಂಶದ ಪಾಡೂ ಹೀಗೆಯೇ. ಕಂಟ್ರೋಲ್ ತನ್ನ ಪಾತ್ರ, ಹೆಸರು, ಒಳಗಿನ ಪಠ್ಯವನ್ನು ಹೇಳಿಕೊಂಡರೆ ಇಸ್ಪೀಕ್ ಎನ್‌ಜಿ ಎಂಬ ಧ್ವನಿಯಂತ್ರ ಅದನ್ನು ಕನ್ನಡದಲ್ಲಿ ನುಡಿಯಬಲ್ಲದು. ಬರಿಯ ಚಿತ್ರದಿಂದ ಓರ್ಕಾಗೆ ಏನೂ ಸಿಗದು.

ಕಂಟ್ರೋಲ್‌ಗಳ ಅಳತೆಯ ವಿಷಯದಲ್ಲಿ ಜಿಟಿಕೆ, ಕ್ಯೂಟಿಗಳ ಪದ್ಧತಿ ನಮಗೆ ಒಗ್ಗುತ್ತದೆ. ಪ್ರತಿ ಕಂಟ್ರೋಲ್ ತನಗೆ ಬೇಕಾದ ಕನಿಷ್ಠ ಹಾಗೂ ಸಹಜ ಅಳತೆಯನ್ನು ಹೇಳುತ್ತದೆ, ಹೊರಗಿನ ಪೆಟ್ಟಿಗೆ ಜಾಗ ಹಂಚುತ್ತದೆ. ಕನ್ನಡದ ಗೆರೆಗೆ ಮೇಲೆ ಗುಣಿತ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಮತ್ತೊಂದು ಒತ್ತು. ಪಟ್ಟಿಯ ಸಾಲಿನ ಎತ್ತರವನ್ನು 24 ಪಿಕ್ಸೆಲ್ ಎಂದು ಬಿಗಿದರೆ ‘ರಾಷ್ಟ್ರ’ದ ಬುಡ ಕತ್ತರಿಸಿಹೋಗಬಹುದು. ಲೈಬ್ರರಿ ಕೊಟ್ಟ ಸ್ವಾತಂತ್ರ್ಯವನ್ನು ಹೀಗೆ ಅಂಕೆ ಬಿಗಿದು ಹಾಳುಮಾಡುವುದು ನಾನು ಕಂಡಂತೆ ಅತಿ ಸಾಮಾನ್ಯ ದೋಷ.

ಪಟ್ಟಿಯ ವಿಂಗಡಣೆ, ಹುಡುಕಾಟಗಳಲ್ಲೂ ಎಚ್ಚರ ಬೇಕು. ಸಂಕೇತದ ಕ್ರಮದಲ್ಲಿ ಅನುಸ್ವಾರ ಅಕಾರಕ್ಕಿಂತ ಮುಂಚೆಯೇ ಕೂತಿದೆ, ಳಕಾರ ವಕಾರಕ್ಕೆ ಮೊದಲೇ ಬರುತ್ತದೆ. ನಿಘಂಟಿನ ಕ್ರಮ ಬೇಕಾದವರು ಭಾಷಾನಿಯಮ ಬಲ್ಲ ವಿಂಗಡಣೆಯನ್ನು ಕರೆಯಬೇಕು. ‘ಕೋ’ ಎಂಬುದನ್ನು ಒಂದೇ ಚಿಹ್ನೆಯಿಂದಲೂ ಬಿಡಿ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟು ಹೋಲಿಸುವ ಹುಡುಕಾಟಕ್ಕೆ ಬೇರೆ ಬೇರೆ. ಹೋಲಿಸುವ ಮೊದಲು ಪಠ್ಯವನ್ನು ಏಕರೂಪಕ್ಕೆ ತರುವ ಯುನಿಕೋಡ್ ವಿಧಾನವನ್ನು ಅನ್ವಯಿಸಿದರೆ ಇದು ನೀಗುತ್ತದೆ. ‘ರ‍್ಯಾಂಕ್’ನಲ್ಲಿ ರಕಾರವನ್ನು ಉಳಿಸುವ ಕಾಣದ ಜೋಡಕವನ್ನು ಮಾತ್ರ ‘ಅನಗತ್ಯ ಸಂಕೇತ’ವೆಂದು ಶುಚಿ ಮಾಡಬಾರದು, ಅದು ಹೋದರೆ ಪದ ಅರ್ಕಾವತ್ತಿಗೆ ತಿರುಗುತ್ತದೆ.

ಕರ್ಸರ್ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಇನ್ನೂ ತೆರೆದಿದೆ. 2023ರ ಯುನಿಕೋಡ್ 15.1 ಅಕ್ಷರ ಗಡಿಯ ನಿಯಮಕ್ಕೆ ಒಂದು ತಿದ್ದುಪಡಿ ತಂದು ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಕಂಡಿತು. ಆ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರ ವ್ಯಾಪ್ತಿಗೆ ಸೇರಿದವು, ಕನ್ನಡ ಸೇರಲಿಲ್ಲ. ಆ ನಿಯಮವನ್ನು ಅಕ್ಷರಶಃ ಪಾಲಿಸುವ ಲೈಬ್ರರಿಯಲ್ಲಿ ತೆಲುಗಿನ ಕ್ಷಕಾರವನ್ನು ಒಮ್ಮೆಗೇ ದಾಟುವ ಕರ್ಸರ್ ಕನ್ನಡದ ಕ್ಷಕಾರದ ನಡುವೆ ನಿಲ್ಲುತ್ತದೆ. ಲಿಪಿಯ ರಚನೆಯಲ್ಲಿ ಇಷ್ಟು ಹತ್ತಿರದ ಎರಡು ಭಾಷೆಗಳಿಗೆ ಎರಡು ನಡವಳಿಕೆ ಇರುವುದಕ್ಕೆ ಓದುಬರಹದ ಕಡೆಯಿಂದ ಕಾರಣ ಕಾಣುವುದಿಲ್ಲ. ಇದನ್ನು ಬದಲಿಸಲು ಬೇಕಾದದ್ದು ಬಳಕೆಯ ಪುರಾವೆ: ಕಗಪದಲ್ಲಿ, ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ, ಲಿಪ್ಯಂತರದಲ್ಲಿ ಬರೆಯುವವರು ಒತ್ತಕ್ಷರದ ನಡುವೆ ತಿದ್ದಲು ಎಷ್ಟು ಸಲ ಇಳಿಯುತ್ತಾರೆ, ಇಳಿದಾಗ ಬಾಣದ ಕೀಲಿ ಬಳಸುತ್ತಾರೋ ಅಳಿಸಿ ಮತ್ತೆ ಬರೆಯುತ್ತಾರೋ ಎಂಬ ದಾಖಲೆ. ಕಂಟ್ರೋಲ್‌ನ ಮೂಲಸಂಕೇತ ಕೈಯಲ್ಲಿರುವುದರಿಂದ, ಬಳಸುವವರ ಒಪ್ಪಿಗೆ ಪಡೆದು, ಅಂಥ ದಾಖಲೆಯನ್ನು ಜಿಟಿಕೆ ಅಥವಾ ಕ್ಯೂಟಿಯ ಟೆಕ್ಸ್ಟ್ ಬಾಕ್ಸ್‌ನಲ್ಲೇ ಕಟ್ಟಬಹುದು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ, ಗಣಕ ವಿಭಾಗಗಳು ಕೂಡಿ ಕೈಗೆತ್ತಿಕೊಳ್ಳಲು ಇದು ತಕ್ಕ ಅಳತೆಯ ಕೆಲಸ.