ಬೆನ್ನಿನ ಸೂಜಿ, ಸೊಂಟದ ನೋವು

ಮೂಳೆ ಮುರಿದವರನ್ನು ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಆಂಧ್ರದ ಪುತ್ತೂರಿಗೆ ಕರೆದೊಯ್ಯುವುದು ಹಳೆಯ ರೂಢಿ. ಬಿದಿರ ದಬ್ಬೆ, ಮೊಟ್ಟೆಯ ಲೋಳೆ, ಸೊಪ್ಪಿನ ರಸ, ಬಟ್ಟೆ: ಇಷ್ಟರಲ್ಲೇ ಪುತ್ತೂರು ಕಟ್ಟು ಮುಗಿಯುತ್ತದೆ. ಕೈಕಾಲು ಕೂಡಿಕೊಂಡವರು ಬಹಳ ಮಂದಿ. ಆದರೆ ಜಾರಿ ಬಿದ್ದ ಅಜ್ಜಿಯ ಸೊಂಟ ಕಟ್ಟಿಗೆ ಬಗ್ಗದು. ತೊಡೆಮೂಳೆಯ ಕತ್ತು ಮುರಿದರೆ ಅದರ ಗುಂಡಿಗೆ ರಕ್ತ ಹರಿಯುವ ದಾರಿಯೇ ಕಡಿಯಬಹುದು. ಅಂಥವರು ಹಾಸಿಗೆ ಹಿಡಿಯುತ್ತಿದ್ದರು.

ಅದಕ್ಕೆ ಮದ್ದು ಆಪರೇಷನ್. ಆಪರೇಷನ್‌ಗೆ ಮೊದಲು ಬೇಕಾದದ್ದು ಮತ್ತು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಇಂದಿನ ಸಿಎಸ್‌ಐ ಆಸ್ಪತ್ರೆಯನ್ನು ತೆರೆದ ಇಪ್ಪತ್ತನೇ ಶತಮಾನದ ಆರಂಭದಲ್ಲಿ ದೇಶದ ತುಂಬ ಕ್ಲೋರೋಫಾರ್ಮಿನದೇ ಕಾರುಬಾರು. ಇಡೀ ಆಳನ್ನೇ ಮಲಗಿಸುವ ವಿದ್ಯೆ ಅದು.

ನೋಯುವ ಭಾಗವನ್ನಷ್ಟೇ ಮರಗಟ್ಟಿಸುವ ಯತ್ನ ಆಗಲೇ ಶುರುವಾಗಿತ್ತು. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್ ಪಟ್ಟಣದ ಆಗಸ್ಟ್ ಬಿಯರ್, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಸೇರಿಸಿ ಆಪರೇಷನ್ ಮಾಡಿದ. ಸಾಲದೆಂದು ಸಹಾಯಕ ಹಿಲ್ಡೆಬ್ರಾಂಟ್‌ನ ಬೆನ್ನಿಗೂ ಚುಚ್ಚಿ, ಕಾಲಿಗೆ ಕಬ್ಬಿಣದ ಸುತ್ತಿಗೆಯಿಂದ ಬಡಿದ, ಉರಿಯುವ ಚುಟ್ಟ ಒತ್ತಿದ. ಆ ಹೊತ್ತಿಗೆ ಅವನಿಗೆ ನೋವೇ ಆಗಲಿಲ್ಲ. ಆಮೇಲೆ ಅವನನ್ನು ತಲೆನೋವು ಹಿಡಿದು ಕಾಡಿತು.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್‌ನಲ್ಲಿ ಜಾನ್ ಚಾರ್ನ್ಲಿ ಉಕ್ಕಿನ ಗುಂಡು, ಗಟ್ಟಿ ಪ್ಲಾಸ್ಟಿಕ್ ಬಟ್ಟಲಿನ ಸೊಂಟದ ಕೀಲನ್ನು ಕೂರಿಸಿದರು. ಮುಂದೆ ಅದು ಲೋಕವನ್ನೆಲ್ಲ ಸುತ್ತಿತು. ಆದರೆ ಅಂಥ ಆಪರೇಷನ್‌ಗೆ ಕೊಡುವ ಬೆನ್ನಿನ ಸೂಜಿಯ ಮತ್ತು ಕೆಲವೇ ಗಂಟೆ. ರಾತ್ರಿಯ ನೋವಿಗೆ ಮಾರ್ಫೀನ್ ಕೊಟ್ಟರೆ ವಯಸ್ಸಾದವರಿಗೆ ವಾಂತಿ, ಮಂಪರು, ಕಕ್ಕಾಬಿಕ್ಕಿ. ಬೆನ್ನಿನೊಳಗೆ ಮದ್ದು ಹರಿಸುವ ಎಪಿಡ್ಯೂರಲ್ ನಳಿಗೆಯಿಟ್ಟರೆ ನೋವಿನ ಜೊತೆ ಕಾಲಿನ ಬಲವೂ ಕುಗ್ಗಬಹುದು.

ಚಿಕ್ಕಬಳ್ಳಾಪುರ ಸೀಮೆಗೆ ಇನ್ನೊಂದು ತೊಡಕಿದೆ: ನೀರು.

ಕೆರೆ, ಬಾವಿ ಬತ್ತಿ ಬೋರ್‌ವೆಲ್‌ಗಳು ಆಳಕ್ಕಿಳಿದಂತೆ, ಗೌರಿಬಿದನೂರು, ಚಿಂತಾಮಣಿ ಕಡೆ ಹಲವೆಡೆ ಕುಡಿಯುವ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತು. ಫ್ಲೋರೈಡ್ ಎಲುಬಿಗೇರುವ ರೋಗವನ್ನು ನೆಲ್ಲೂರು ಸೀಮೆಯಲ್ಲಿ ವೈದ್ಯರು 1937ರಲ್ಲೇ ದಾಖಲಿಸಿದ್ದರು. ಅದು ಬಲಿತರೆ ಸೊಂಟ ಸೆಟೆಯುತ್ತದೆ, ಬೆನ್ನೆಲುಬಿನ ಕಟ್ಟುಗಳೂ ಎಲುಬಿನಂತೆ ಗಟ್ಟಿಯಾಗುತ್ತವೆ. ಬಿಯರ್ ಸೂಜಿ ತೂರಿಸಿದ ಸಂದೇ ಮುಚ್ಚಿಹೋಗಬಹುದು.

2018ರಲ್ಲಿ ಕೆನಡಾದ ಫಿಲಿಪ್ ಪೆಂಗ್ ಮತ್ತು ಸಂಗಡಿಗರು ಬೆನ್ನನ್ನು ಬಿಟ್ಟು ತೊಡೆಸಂದಿಗೆ ಬಂದರು. ಅಲ್ಟ್ರಾಸೌಂಡ್ ತೆರೆಯ ಮೇಲೆ ಸೂಜಿಯ ಮೊನೆ ನೋಡುತ್ತ, ಕೀಲಿನ ಮುಂಭಾಗದಿಂದ ನೋವನ್ನು ಒಯ್ಯುವ ಸಣ್ಣ ನರಗಳ ಬಳಿ ಮದ್ದು ಬಿಡುವ ಕ್ರಮವದು. ಮೊದಲ ವರದಿಯಲ್ಲಿದ್ದದ್ದು ಸೊಂಟ ಮುರಿದ 5 ಮಂದಿ. ಹೆಸರು ಪೆಂಗ್ ಬ್ಲಾಕ್. ಕೀಲು ಬದಲಿಸಿದವರಿಗೂ ಈಗ ಅದನ್ನು ಬಳಸುತ್ತಾರೆ. ಕಾಲಿನ ಬಲ ಬಹುಮಟ್ಟಿಗೆ ಉಳಿಯುವುದರಿಂದ ವಾಕರ್ ಹಿಡಿಸಿ ಬೇಗ ನಡೆಸಬಹುದು. ಆದರೆ ಚರ್ಮದ ಗಾಯದ ನೋವು ಇದಕ್ಕೆ ಬಗ್ಗದು; ಅದಕ್ಕೆ ಬೇರೆ ಮದ್ದು ಬೇಕು. ಬೆನ್ನು ಗಟ್ಟಿಯಾದವರನ್ನು ಪೂರ್ತಿ ಮಲಗಿಸಿ ಆಪರೇಷನ್ ಮಾಡಿದರೂ, ಆಮೇಲಿನ ನೋವಿಗೆ ಈ ದಾರಿ ತೆರೆದಿರುತ್ತದೆ.