ಕುಮಟಾ ಅಂದ್ರ ಹತ್ತಿ ಅಲ್ಲೇನ?

ಬೆಳಿಗ್ಗೆ ನಾಕೂವರಿಗೆ ನವಲಗುಂದದಾಗ ಕಾರ್ ಹತ್ತೂ ಮುಂದ ನಮ್ಮತ್ತಿಯವರು "ಯಾವೂರಿಗೆ ಹೊಂಟೇವು?" ಅಂತ ಕೇಳಿದ್ರು. "ಕುಮಟಾಕ್ಕ, ಅಜ್ಜಿ. ಸಮುದ್ರ ನೋಡಾಕ" ಅಂದ ಮಗ. "ಕುಮಟಾ ಅಂದ್ರ ಹತ್ತಿ ಅಲ್ಲೇನ? ಅದು ಊರ ಹೆಂಗಾದೀತು?" ಅಂದ್ರು ಅವರು. ನಾವೆಲ್ಲಾರೂ ನಕ್ವಿ. ನಾನೂ ನಕ್ಕೆ. ಆ ನಗಿ ಬಗ್ಗೆನ ಇವತ್ತ ಬರಿಯಾಕ ಕುಂತೇನಿ.

ಅತ್ತಿಯವರಿಗೆ ಎಪ್ಪತ್ತೆಂಟು. ಹುಟ್ಟಿದ ಮ್ಯಾಲ ಸಮುದ್ರ ನೋಡಿದಾಕಿ ಅಲ್ಲ. ಮೇ ಕೊನೀ ವಾರ, ಮಗ ರಜಾಕ್ಕ ಬಂದಿದ್ದ. ಹಿಂದಿನ ರಾತ್ರಿನ ನಾನೂ ನೆಗೆಣ್ಣಿನೂ ರೊಟ್ಟಿ, ಶೇಂಗಾ ಚಟ್ನಿ, ಝುಣಕದ ವಡಿ, ಗಟ್ಟಿ ಮೊಸರು ಕಟ್ಟಿ ಇಟ್ಟಿದ್ವಿ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳದು ಅಂಕೋಲಾ ಮುಟ್ಟಿದ್ವಿ. ಅಲ್ಲಿಂದ ದಕ್ಷಿಣಕ್ಕ ತಿರುಗಿದ್ರ, ಕುಮಟಾ ಬರೂಕಿಂತ ಮೊದಲ ಮಿರ್ಜಾನ್ ಸಿಗತದ. ಕೋಟೆ ನೋಡಿ ಆಮ್ಯಾಲ ಸಮುದ್ರ ಅಂತ ಠರಾವ್ ಆತು.

ಮಿರ್ಜಾನ್ ಕೋಟೆ ಅಘನಾಶಿನಿ ಹೊಳಿ ಸೀಮಿಯೊಳಗ ಐತಿ. ನಮ್ಮ ಕಡೆ ಕರೀಕಲ್ಲಿನ ಕೋಟೆ ನೋಡಿದ ಕಣ್ಣಿಗೆ ಅಲ್ಲಿ ಕೆಂಪು ಚೀರೆಕಲ್ಲಿನ ಗ್ವಾಡಿ ಬ್ಯಾರೇನ ಕಾಣತಾವು. ಸುತ್ತಲೂ ಕಂದಕ, ದುಂಡನ್ನ ಬುರುಜು, ಒಳಗ ಮೆಟ್ಟಲಿರೂ ಬಾವಿಗಳು, ದೊಡ್ಡ ದೊಡ್ಡ ಗಿಡ. ಅತ್ತಿಯವರು ಮೆಟ್ಟಲ ಹತ್ತಲಿಲ್ಲ. ಒಂದ ಗಿಡದ ನೆರಳಿಗೆ ನವಲಗುಂದ ಜಮಖಾನ ಹಾಸಿ ಕುಂಡ್ರಿಸಿದ್ವಿ.

ಈ ಕೋಟೆ ಕಟ್ಟಿಸಿದಾಕಿ ಅಂತ ಹೆಸರಾದಾಕಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 16ನೇ ಶತಮಾನದಾಗ ಐವತ್ತಕ್ಕೂ ಹೆಚ್ಚು ವರ್ಷ ಆಳಿದಳು. ಘಟ್ಟದ ಕಾಳಮೆಣಸು ಆಕಿ ಬಂದರಗಳಿಂದ ಹಡಗ ಏರಿ ಹೋಗತಿತ್ತು. ಅದಕ್ಕ ಪೋರ್ಚುಗೀಸರು ಆಕಿಗೆ 'ರೈನಾ ದ ಪಿಮೆಂಟಾ', ಅಂದ್ರ ಮೆಣಸಿನ ರಾಣಿ ಅಂತ ಹೆಸರಿಟ್ಟಿದ್ರು. ಕಡೀಕ ಕೆಳದಿ ವೆಂಕಟಪ್ಪ ನಾಯಕನ ಕೈಯಾಗ ಸೋತು, ಇಕ್ಕೇರಿಯೊಳಗ ಸೆರಿಯಾಗೇ ತೀರಿಕೊಂಡಳು. ಇದನ್ನ ಹೇಳಿದಾಗ ಅತ್ತಿಯವರು, "ಮೆಣಸ ಬಿಡಿಸಿದವರ ಹೆಸರ ಏನಿತ್ತಂತ?" ಅಂದ್ರು. ಯಾರಿಗೂ ಉತ್ತರ ಹೊಳೀಲಿಲ್ಲ. ರೊಟ್ಟಿ ಬಿಚ್ಚಿದ್ವಿ.

ಮಧ್ಯಾಹ್ನ ಕುಮಟಾ ಹೆಡ್ ಬಂದರಕ್ಕ ಹೋದ್ವಿ. ಅಬ್ಬಬ್ಬಾ, ಏನ ಗಾಳಿ ಅಂತೀರಿ! ಸೆರಗ ತಲೀಮ್ಯಾಲ ನಿಲ್ಲವಲ್ದು. ಮಾತಾಡಿದ್ರ ಬಾಯಾಗ ಉಸುಕು. ದಂಡೀಮ್ಯಾಲ ಮೀನುಗಾರರು ದೋಣಿ ಎಳದು ಮ್ಯಾಲ ಹಾಕಾಕ ಹತ್ತಿದ್ರು. ಒಬ್ಬ ಅಣ್ಣಾರನ ಕೇಳಿದೆ. "ಜೂನ್ ಒಂದಕ್ಕೆ ಬಂದ್ ಅಲ್ವಾ, ಮಳೆಗಾಲದ ಗಾಳಿಗೆ ಯಾರು ಸಮುದ್ರಕ್ಕೆ ಹೋಗ್ತಾರೆ" ಅಂದ್ರು. ಅತ್ತಿಯವರು ನನ್ನ ಕೈ ಗಟ್ಟಿ ಹಿಡಕೊಂಡು ನೀರಾಗ ಕಾಲ ಇಟ್ರು. ಏನೂ ಮಾತಾಡಲಿಲ್ಲ.

ಮನಿಗೆ ಬಂದ ಮ್ಯಾಲ ಮಗ ಹಳೇ ಗ್ಯಾಜೆಟಿಯರ್ ಹುಡುಕಿ ಓದಿದ. ನಮಗ ನಾಚಿಕಿ ಬಂತು ನೋಡ್ರಿ. ಅತ್ತಿಯವರು ಹೇಳಿದ್ದು ಖರೇನ ಇತ್ತು. ಧಾರವಾಡ ಜಿಲ್ಲೆಯ ಎರಿ ಹೊಲದಾಗ ಬೆಳದ ಹತ್ತಿ ಕುಮಟಾ ಬಂದರದಿಂದ ಮುಂಬಯಿಗೆ, ಅಲ್ಲಿಂದ ವಿಲಾಯತಿಗೆ ಹೋಗತಿತ್ತು. ಅದಕ್ಕ ಪ್ಯಾಟಿಯೊಳಗ ಅದರ ಹೆಸರು 'ಕುಮಟಾ ಹತ್ತಿ' ಅಂತನ ಆತು. ಬೆಳದವರು ನಾವು, ಹೆಸರು ಮಾತ್ರ ಬಂದರದ್ದು!

ರಸ್ತಾ ಇಲ್ಲದಾಗ ಲಂಬಾಣಿಗರು ಎತ್ತಿನ ಮ್ಯಾಲ ಹತ್ತಿ ಹೇರಿಕೊಂಡು ಘಟ್ಟ ಇಳೀತಿದ್ರು, ಹೊಳ್ಳಿ ಬರೂ ಮುಂದ ಉಪ್ಪು ತರತಿದ್ರು. ಆಮ್ಯಾಲ ದೇವಿಮನೆ ಘಟ್ಟದಾಗ ಬಂಡಿ ರಸ್ತಾ ಆತು. 1861ರಿಂದ 1865ರ ತನಕ ಅಮೇರಿಕಾದಾಗ ಒಳಯುದ್ಧ ನಡದು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗೂದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ರೇಟ್ ಬಂತು. 1862ರಾಗ ಉತ್ತರ ಕನ್ನಡ ಜಿಲ್ಲೇನ ಮದ್ರಾಸಿನಿಂದ ತಗದು ಮುಂಬಯಿ ಪ್ರಾಂತಕ್ಕ ಕೂಡಿಸಿದ್ದಕ್ಕೂ ಈ ಹತ್ತಿ ವ್ಯಾಪಾರನ ಒಂದ ಕಾರಣ. 1880ರ ದಶಕದಾಗ ಹುಬ್ಬಳ್ಳಿ, ಗದಗ ಕಡೆ ರೈಲು ಬಂತು. ಹತ್ತಿ ಅಂಡಿಗಿ ರೈಲು ಏರಿದವು, ಕುಮಟಾ ಬಂದರ ಸಣ್ಣದಾತು. ಹೆಸರು ಮಾತ್ರ ಉಳೀತು.

ಇದನ್ನ ಓದಿದ ಮ್ಯಾಲ ನನಗ ಆ ಗಾಳಿ ನೆನಪಾತು. ನಮ್ಮ ಜವಾರಿ ಹತ್ತಿ ಹಿಂಗಾರಿದ್ದು. ಬಿಡಸೂದು ಬ್ಯಾಸಗಿಯಾಗ, ಕಾದ ಎರಿಯಾಗ. ಅದರ ಕಾಯಿ ಪೂರ್ತಿ ಬಿರಿಯೂದಿಲ್ಲ, ಉಗರ ಹಾಕಿ ಅರಳಿ ಎಳೀಬೇಕು. ಮಳಿಗಾಲದ ಗಾಳಿ ಏಳೂಕಿಂತ ಮೊದಲ ಆ ಹತ್ತಿ ಹಡಗ ಏರಬೇಕಿತ್ತು, ಇಲ್ಲಂದ್ರ ಮಳಿ ಮುಗಿಯೂತನಕ ಬಂದರ ಬಂದ್. ಅಂದ್ರ ಎಂದೂ ಸಮುದ್ರ ನೋಡದ ನಮ್ಮ ಮುತ್ತವ್ವಗೋಳು ಉಡಿ ಕಟಗೊಂಡು ಅವಸರ ಅವಸರ ಹತ್ತಿ ಬಿಡಿಸಿದ್ದು ಆ ಕುಮಟಾ ಗಾಳಿ ಸಲುವಾಗಿ. ಇದನ್ನ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಅತ್ತಿಯವರ ಕಾಲಕ್ಕ ಹತ್ತಿ ಹುಬ್ಬಳ್ಳಿ ಪ್ಯಾಟಿಗೆ ಹೋಗತಿತ್ತು. ಆದ್ರ ಅವರ ಅವ್ವ ಕುಮಟಾ ಅಂತಿದ್ದಳಂತ, ಇವರೂ ಅದನ್ನ ಕಲತ್ರು. ಕೂಲಿ ಕೇಳಿದೆ. "ಬಿಡಿಸಿದ್ರಾಗ ಒಂದ ಪಾಲು ಕೊಡತಿದ್ರು. ಆ ಪಾಲಿನ ಅರಳೀಲೆನ ನಿನ್ನ ಗಂಡನ ಕೂಸಿನ ಗಾದಿ ಮಾಡಿದ್ದು" ಅಂದ್ರು. ಮೂವತ್ತು ವರ್ಷ ಒಂದ ಮನ್ಯಾಗ ಇದ್ದೂ ಈ ಮಾತ ನಾನು ಕೇಳಿದಾಕಿ ಅಲ್ಲ.

2002ರಿಂದ ಈಚೆಗೆ ಬಿಟಿ ಹತ್ತಿ ಬಂತು, ನಮ್ಮ ಹೊಲದಾಗ ಜವಾರಿ ಹೋತು. ದೇವರ ಬತ್ತಿಗಂತ ಅತ್ತಿಯವರು ಬಾಜೂ ಹೊಲದವರ ಕಡೆಯಿಂದ ತಂದಿಟ್ಟ ಒಂದ ಗಂಟು ಅರಳಿ ಮಾತ್ರ ಐತಿ, ಬೀಜ ಸಮೇತ. ಮೊನ್ನೆ ಇಬ್ಬರೂ ಕುಂತು ಬೀಜ ಬಿಡಿಸಿದ್ವಿ. ಎರಡ ಬೊಗಸಿ ಆದವು. ಶ್ರಾವಣ ಮುಗಿದ ಮ್ಯಾಲ ಬದುವಿನ ಬಾಜೂಕ ನಾಕ ಸಾಲ ಹಾಕೂಣು ಅಂದೇನಿ. "ಅದರಾಗ ಏನ ಲಾಭ?" ಅಂದ್ರು ಯಜಮಾನ್ರು. "ಬತ್ತಿಗಾದೀತು" ಅಂದ್ರು ಅತ್ತಿಯವರು.

ಬೀಜ ಹಳೇವು, ಎಷ್ಟ ಹುಟ್ಟತಾವೋ. ಅಣ್ಣಿಗೇರಿ, ಕುಂದಗೋಳ ಕಡೆ ಯಾರ ಮನ್ಯಾಗಾದ್ರೂ ಜವಾರಿ ಹತ್ತಿ ಬೀಜ ಇದ್ರ ಹೇಳಿ ಕಳಸ್ರೆವಾ, ನಾನ ಬಂದು ಒಯ್ತೇನಿ.