ಹೃದಯಕವಾಟದ ಸುಣ್ಣ

ಮನೆಯ ಹಿರಿಯರು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತ ಕುಳಿತರೆ, ‘ವಯಸ್ಸಾಯಿತು’ ಎಂದು ಸಮಾಧಾನ ತಂದುಕೊಳ್ಳುವುದು ಲೋಕದ ವಾಡಿಕೆ. ಆದರೆ ಕೆಲವು ವೇಳೆ ಆ ಏದುಸಿರಿಗೆ ಹೃದಯದ ಬಾಗಿಲಲ್ಲಿ ಕೂಡಿದ ಸುಣ್ಣವೇ ಕಾರಣವಾಗಿರುತ್ತದೆ. ಈ ಸುಣ್ಣದೊಡನೆ ವೈದ್ಯರು ನಡೆಸಿದ ಹೋರಾಟದ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೃದಯದ ಎಡಭಾಗದಿಂದ ಮಹಾಧಮನಿಗೆ ರಕ್ತವು ಹೊರಡುವೆಡೆಯಲ್ಲಿ ಮೂರು ತೆಳುವಾದ ಎಸಳುಗಳುಳ್ಳ ಕವಾಟವೊಂದುಂಟು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರಿನಷ್ಟು ತೆರೆಯುವ ಈ ದ್ವಾರವು, ಎಸಳುಗಳಲ್ಲಿ ಸುಣ್ಣ ಸೇರಿ ಗಡುಸಾದಂತೆಲ್ಲ, 1 ಚದರ ಸೆಂಟಿಮೀಟರಿಗಿಂತಲೂ ಕಿರಿದಾಗುವುದುಂಟು. 1904ರಲ್ಲಿ ಜರ್ಮನಿಯ ಮೊಂಕೆಬರ್ಗರು ಇದನ್ನು ಮುಪ್ಪಿನ ಸವೆತವೆಂದು ವರ್ಣಿಸಿದರು. ಇದು ಬರಿಯ ಸವೆತವಲ್ಲ, ಕವಾಟದ ಜೀವಕೋಶಗಳೇ ಎಲುಬು ಕಟ್ಟುವ ಕೋಶಗಳ ಗುಣವನ್ನು ತಾಳುತ್ತವೆ ಎಂಬುದು ಈಚಿನ ಶೋಧನೆಗಳಿಂದ ತಿಳಿದುಬಂದಿದೆ. ಎದೆನೋವು, ಮೂರ್ಛೆ, ಏದುಸಿರು ಕಾಣಿಸಿಕೊಂಡ ತರುವಾಯ ಇಂಥ ರೋಗಿಯ ಆಯುಸ್ಸು ಕೆಲವೇ ವರ್ಷಗಳದೆಂದು 1968ರಲ್ಲಿ ಅಮೆರಿಕದ ರಾಸ್ ಮತ್ತು ಬ್ರಾನ್‌ವಾಲ್ಡ್ ಅವರು ತೋರಿಸಿಕೊಟ್ಟರು.

ಔಷಧದಿಂದ ಕರಗದ ಸುಣ್ಣಕ್ಕೆ ಶಸ್ತ್ರವೊಂದೇ ಉಪಾಯವೆನಿಸಿತು. 1912ರಲ್ಲಿ ಪ್ಯಾರಿಸಿನ ಟುಫಿಯೇ ಅವರು ಮಹಾಧಮನಿಯ ಗೋಡೆಯನ್ನು ಬೆರಳಿನಿಂದ ಒಳಕ್ಕೊತ್ತಿ, ಕಿರಿದಾದ ಕವಾಟವನ್ನು ಹಿಗ್ಗಿಸಲು ಯತ್ನಿಸಿದರು. 1953ರಲ್ಲಿ ಗಿಬ್ಬನ್ನರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ ಶಸ್ತ್ರಕ್ರಿಯೆ ನಡೆಸಿದರು. 1960ರಲ್ಲಿ ಬಾಸ್ಟನ್ನಿನ ಹಾರ್ಕೆನ್ನರು ಕೆಟ್ಟ ಕವಾಟವನ್ನು ತೆಗೆದು, ಅದೇ ಸ್ಥಾನದಲ್ಲಿ ಕೃತಕ ಕವಾಟವನ್ನು ನೆಲೆಗೊಳಿಸಿದರು.

ಆದರೆ ಯಾರಲ್ಲಿ ಈ ರೋಗವು ಅಧಿಕವೋ ಆ ವೃದ್ಧರಿಗೇ ಈ ಶಸ್ತ್ರಕ್ರಿಯೆ ಕಠಿನವಾಗಿತ್ತು. ಎದೆಯ ಎಲುಬನ್ನು ಸೀಳಬೇಕು, ಹೃದಯವನ್ನು ನಿಲ್ಲಿಸಬೇಕು, ಮಹಾಧಮನಿಯನ್ನು ಇಕ್ಕಳದಿಂದ ಹಿಡಿಯಬೇಕು. ಧಮನಿಯ ಗೋಡೆಯಲ್ಲಿಯೂ ಸುಣ್ಣವಿದ್ದರೆ, ಇಕ್ಕಳ ಬಿಗಿದಾಗ ಅದರ ಚೂರುಗಳು ಕಳಚಿ ಮಿದುಳಿಗೆ ಹರಿದು ಪಾರ್ಶ್ವವಾಯು ತಗಲಬಹುದು. ಮೂತ್ರಪಿಂಡ, ಶ್ವಾಸಕೋಶಗಳು ದುರ್ಬಲವಾಗಿದ್ದರೆ ಅಪಾಯವು ಇಮ್ಮಡಿ. ಆದಕಾರಣ ಅನೇಕರನ್ನು ಶಸ್ತ್ರವೈದ್ಯರು ಮುಟ್ಟಲಿಲ್ಲ. ತೀವ್ರವಾದ ರೋಗಲಕ್ಷಣಗಳಿದ್ದ ವೃದ್ಧರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಶಸ್ತ್ರಕ್ರಿಯೆ ನಿರಾಕೃತವಾಗಿತ್ತೆಂದು 2005ರಲ್ಲಿ ಪ್ರಕಟವಾದ ಯೂರೋಪಿನ ಸಮೀಕ್ಷೆಯೊಂದು ತಿಳಿಸಿತು.

ಹೀಗೆ ಕೈಬಿಡಲ್ಪಟ್ಟವರ ವಿಷಯದಲ್ಲಿ ಮನಸ್ಸಿಟ್ಟವರು ಫ್ರಾನ್ಸಿನ ರೂಆನ್ ನಗರದ ಅಲೆನ್ ಕ್ರಿಬಿಯೇ. 1985ರಲ್ಲಿ ಅವರು 72 ವರ್ಷದ ವೃದ್ಧೆಯೊಬ್ಬಳ ರಕ್ತನಾಳದ ಮೂಲಕ ಬಲೂನನ್ನು ಸೇರಿಸಿ ಕವಾಟವನ್ನು ಹಿಗ್ಗಿಸಿದರು. ಆದರೆ ಇಂಥ ಚಿಕಿತ್ಸೆಯ ಬಳಿಕ ಕೆಲವೇ ತಿಂಗಳುಗಳಲ್ಲಿ ದ್ವಾರವು ಮತ್ತೆ ಕಿರಿದಾಗುತ್ತಿತ್ತು. 1989ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ನರು ಲೋಹದ ಜಾಲರಿಯಲ್ಲಿ ಹೊಲಿದ ಕವಾಟವನ್ನು ನಾಳದ ಮೂಲಕವೇ ಹಂದಿಗಳಲ್ಲಿ ಕೂಡಿಸಿ ನೋಡಿದರು. ಕೊನೆಗೆ 2002ರ ಏಪ್ರಿಲ್ 16ರಂದು ಕ್ರಿಬಿಯೇ ಅವರು, ಶಸ್ತ್ರವೈದ್ಯರು ಕೈಬಿಟ್ಟಿದ್ದ 57 ವರ್ಷದ ರೋಗಿಯೊಬ್ಬನಿಗೆ ಎದೆಯನ್ನು ಸೀಳದೆಯೇ ಹೊಸ ಕವಾಟವನ್ನು ಇರಿಸಿದರು. ನಾಲ್ಕು ತಿಂಗಳ ತರುವಾಯ ಅವನು ಬೇರೆ ತೊಡಕುಗಳಿಂದ ತೀರಿಕೊಂಡನಾದರೂ ಕವಾಟವು ತನ್ನ ಕೆಲಸವನ್ನು ನಡೆಸಿತ್ತು.

ಇಲ್ಲಿನ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಹೊಸ ಕವಾಟಕ್ಕೆ ಹೊಲಿಗೆಯಿಲ್ಲ. ಹಳೆಯ ಕವಾಟದ ಸುಣ್ಣವೇ ಜಾಲರಿಯನ್ನು ಕಚ್ಚಿ ಹಿಡಿಯುತ್ತದೆ. ಪ್ರಾಣಕ್ಕೆ ಎರವಾಗಿದ್ದ ವಸ್ತುವೇ ಆಧಾರವಾಯಿತು.

ಶಸ್ತ್ರಕ್ರಿಯೆಗೆ ಅನರ್ಹರೆನಿಸಿದ 358 ಮಂದಿಯ ಪರೀಕ್ಷೆಯೊಂದರ ಫಲವು 2010ರಲ್ಲಿ ಹೊರಬಿತ್ತು. ವರ್ಷದೊಳಗೆ, ಹಳೆಯ ಉಪಚಾರ ಪಡೆದವರಲ್ಲಿ ನೂರಕ್ಕೆ 50.7 ಮಂದಿಯೂ, ಹೊಸ ಕವಾಟ ಪಡೆದವರಲ್ಲಿ 30.7 ಮಂದಿಯೂ ಮೃತರಾಗಿದ್ದರು. ಲಾಭವು ದೊಡ್ಡದು, ಆದರೆ ಬೆಲೆಯಿಲ್ಲದೆ ಬಂದುದಲ್ಲ. ಮೊದಲ ತಿಂಗಳಲ್ಲಿ ತೀವ್ರ ಪಾರ್ಶ್ವವಾಯುವು ಹೊಸ ಕವಾಟದವರಲ್ಲೇ ಹೆಚ್ಚಾಗಿತ್ತು. ಸುಣ್ಣದ ಗಂಟುಗಳ ಪಕ್ಕದಲ್ಲಿ ರಕ್ತ ಸೋರುವುದೂ, ಹೃದಯದ ಬಡಿತ ಕುಂದಿ ಪೇಸ್‌ಮೇಕರ್ ಬೇಕಾಗುವುದೂ ಉಂಟು.

ಆದುದರಿಂದ ಈ ಚರಿತ್ರೆಯು ಕಲಿಸುವುದು ಮುಪ್ಪನ್ನು ಗೆದ್ದೆವೆಂಬ ಹೆಮ್ಮೆಯನ್ನಲ್ಲ. ವಯಸ್ಸು ರೋಗದ ಹೆಸರಲ್ಲ, ಚಿಕಿತ್ಸೆಯ ನಿರಾಕರಣೆಗೆ ತಾನೊಂದೇ ಸಾಲುವ ಕಾರಣವೂ ಅಲ್ಲ ಎಂಬ ವಿವೇಕವನ್ನು. ಹಿರಿಯರು ಮೆಟ್ಟಿಲಲ್ಲಿ ನಿಂತಾಗ ‘ವಯಸ್ಸಾಯಿತು’ ಎನ್ನುವ ಮೊದಲು ವೈದ್ಯರೊಬ್ಬರು ಅವರ ಎದೆಗೆ ಕಿವಿಗೊಡಲಿ. ಕಿರಿದಾದ ಬಾಗಿಲಿನ ಮೊರೆತವು ಅಲ್ಲಿ ಅನೇಕ ವೇಳೆ ಕೇಳಿಸುತ್ತದೆ.